ಅಕ್ಕನ ಅಪ್ಪಣೆ

ತಾಳಿ ನನ್ನ ಕೊರಳಿಗೆ ಬರುವ ಮೊದಲು ಒಂದು ಬೆಳ್ಳಿ ಬಿಲ್ಲೆಯನ್ನು ಮುಟ್ಟಿ ಬಂತು. ಎಂಟಾಣೆಯಷ್ಟು ಅಗಲದ ಬಿಲ್ಲೆ, ಅದರ ಮೇಲೆ ಒಂದು ಹೆಂಗಸಿನ ಮುಖ. ಅಕ್ಕಸಾಲಿಗ ಆ ಹೆಂಗಸನ್ನು ಕಂಡವನಲ್ಲ. ಎರಡು ಕಣ್ಣು, ಒಂದು ಮೂಗು, ಹಣೆಗೊಂದು ಬೊಟ್ಟು ಕೊರೆದಿದ್ದ. ಬಾಯಿಗೆ ಜಾಗ ಸಾಲದೆ ಒಂದು ಗೀರು ಎಳೆದು ಬಿಟ್ಟಿದ್ದ. ಅದು ಸವತಿ ಬಿಲ್ಲೆ. ಹೆಂಡತಿ ಸತ್ತವನನ್ನು ಮದುವೆಯಾಗುವವಳು ಆ ಸತ್ತವಳನ್ನು ಕೊರಳಲ್ಲಿ ಕಟ್ಟಿಕೊಂಡೇ ಬಾಳಬೇಕೆಂಬುದು ನಮ್ಮವರ ಪದ್ಧತಿ. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ, ಆಮೇಲೆ ನನಗೆ. ಹೂವು ಮೊದಲು ಬಿಲ್ಲೆಗೆ. ಹಬ್ಬದ ಅಡುಗೆ ಮೊದಲು ಬಿಲ್ಲೆಗೆ. ತಪ್ಪಿದರೆ ಸತ್ತವಳು ಮುನಿದು ಮನೆ ಹಾಳುಮಾಡುತ್ತಾಳಂತೆ. ಗಂಡಸಿಗೆ ಇಂಥ ಬಿಲ್ಲೆ ಯಾವುದೂ ಇಲ್ಲ. ಇಬ್ಬರನ್ನು ಮದುವೆಯಾದವನು ಅವನು, ಹೊತ್ತು ತಿರುಗಿದವಳು ನಾನು.

ನನ್ನ ಹೆಸರು ಮುನಿತಾಯಮ್ಮ. ಸೇರಕ್ಕಿ ಒದ್ದು ಒಳಗೆ ಬಂದ ದಿನವೇ ಅತ್ತೆ ಅಶ್ವತ್ಥಮ್ಮ ಆ ಹೆಸರನ್ನು ಬಾಗಿಲಾಚೆ ನಿಲ್ಲಿಸಿದರು.

"ಇನ್ಮೇಲೆ ನೀನು ಪ್ರಮೋದಾ ಕಣಮ್ಮ. ಹಂಗೇ ಕರೀತೀವಿ. ಕರೆದಾಗೆಲ್ಲ ಅವಳಿಗೂ ಒಂದು ಸಮಾಧಾನ ಆಯ್ತದೆ."

ನಮ್ಮವ್ವ ಪಕ್ಕದಲ್ಲೇ ನಿಂತಿದ್ದಳು. "ಚೆಂದಾಗೈತಲ್ಲ ಹೆಸರು. ನಿಂದಕ್ಕಿಂತ ವಾಸಿ," ಅಂದಳು. ನನಗೆ ಕೋಪ ಬೇಗ ಬರುತ್ತದೆ, ಚಿಕ್ಕಂದಿನಿಂದಲೂ ಹಾಗೇ. ಆದರೆ ಮದುವಣಗಿತ್ತಿಯ ಕೋಪವನ್ನು ಇಟ್ಟುಕೊಳ್ಳಲು ಯಾವ ಮನೆಯಲ್ಲೂ ಜಾಗ ಇರುವುದಿಲ್ಲ. ನುಂಗಿಕೊಂಡೆ.

ಮಲಗುವ ಚಾಪೆಯ ಎಡಗಡೆ ಅವಳದು. ಅಲ್ಲಿ ನಾನು ಕೈ ಚಾಚುವಂತಿರಲಿಲ್ಲ. ಬೆಳಿಗ್ಗೆ ಎದ್ದಾಗ ಆ ಕಡೆಯ ಚಾಪೆ ಸ್ವಲ್ಪ ತಗ್ಗಿದ ಹಾಗೆ ಕಾಣುತ್ತಿತ್ತು. ಹಾಲು ಕರೆಯಲು ಕೂತರೆ ಹಸು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಭುಜದ ಹಿಂದೆ ಯಾರನ್ನೋ ನೋಡುತ್ತಿತ್ತು. ಯಾರಾದರೂ ಪ್ರಮೋದಾ ಎಂದು ಕೂಗಿದರೆ ನಾನು ಓ ಅನ್ನುವ ಮೊದಲು ಅರೆಗಳಿಗೆ ತಡೆಯುತ್ತಿದ್ದೆ. ಅವಳು ಓಗೊಡಲಿ ಎಂದು ಬಿಡುತ್ತಿದ್ದೆನೋ ಏನೋ. ತೌರಿಗೆ ಹೋದಾಗ ಮುನಿತಾಯಿ ಎಂದು ಕರೆದರೆ ತಿರುಗುವುದನ್ನೇ ಮರೆತಿದ್ದೆ. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಎರಡನೆಯವಳು ಹಾಗೇ ಅನ್ನಬೇಕು.

ಅವಳು ಮೊದಲ ಸಲ ನನ್ನ ಮೈಮೇಲೆ ಬಂದದ್ದು ಮದುವೆಯಾದ ವರ್ಷದ ಮಹಾಲಯ ಅಮಾವಾಸ್ಯೆಗೆ. ಸತ್ತ ಹಿರಿಯರಿಗೆಲ್ಲ ಎಡೆ ಇಡುವ ದಿನ. ಬೆಳಿಗ್ಗೆಯೇ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ಗಂಡ ಚಿನ್ನಸ್ವಾಮಿ ಹಟ್ಟಿಬಾಗಿಲಲ್ಲಿ ನನ್ನನ್ನು ಕೆಡವಿ ಹೊಡೆದಿದ್ದ. ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು, ಅದೇ ನೋವಿನಲ್ಲಿ ನಡುಮನೆಯ ಎಡೆಯ ಮುಂದೆ ಮಣೆಯ ಮೇಲೆ ಕೂತೆ. ಧೂಪ ಹಾಕಿದರು. ಹೊಟ್ಟೆಯ ಕೆಳಗಿನಿಂದ ಏನೋ ತಣ್ಣಗೆ ಎದ್ದು ಎದೆಗೆ ಬಂತು, ಹಲ್ಲು ಕಟಕಟ ಅಂದವು. ಆಮೇಲೆ ಕೇಳಿಸಿದ ಧ್ವನಿ ನನ್ನ ಗಂಟಲಿನದೇ, ನನ್ನದಲ್ಲ.

"ನನ್ನ ಮೇಲೆ ಕೈ ಮಾಡಿದ್ದು ಸಾಲದೇನೋ? ಇವಳ ಮೇಲೂ ಮಾಡ್ತೀಯಾ?"

ನನ್ನ ಗಂಡನ ಮುಖ ಬೂದಿಯಾಯಿತು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು, "ಹಂಗಾದ್ರೆ ನಿಜವಾಗ್ಲೂ ಸತ್ತೇ ಹೋದ್ಲಾ ಅವಳು," ಎಂದು ಗೊಣಗಿದ್ದು ನನ್ನ ಕಿವಿಗೆ ಬಿದ್ದಿತ್ತು. ಆಗ ಅದರ ಅರ್ಥ ನನಗೆ ಆಗಲಿಲ್ಲ. ಆವತ್ತಿನಿಂದ ಅವನು ನನ್ನ ಮೇಲೆ ಕೈ ಎತ್ತಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷದ ಮಹಾಲಯ ಅಮಾವಾಸ್ಯೆಗೂ ಅವಳು ಬಂದಳು. ನಾನು ಏನು ಹೇಳಿದರೂ ಆ ಮನೆಯಲ್ಲಿ ನಾಯಿಯೂ ತಲೆ ಎತ್ತುತ್ತಿರಲಿಲ್ಲ. ಅದನ್ನೇ ಅಕ್ಕ ಹೇಳಿದರೆ ಮರುದಿನವೇ ಕೆಲಸ ಶುರು. ಮನೆಗೊಂದು ಕಕ್ಕಸು ಕಟ್ಟಿಸಿ, ಕತ್ತಲಾಗುವ ತನಕ ಹೆಣ್ಣುಮಕ್ಕಳು ಹೊಟ್ಟೆ ಹಿಡಿದು ಕಾಯಬೇಕಾ ಅಂದಳು. ಕಟ್ಟಿಸಿದರು. ಸಿಂಚನ ಹುಟ್ಟಿದಾಗ ಹೆಣ್ಣೆಂದು ಮುಖ ತಿರುಗಿಸಿದವರು, ಅಕ್ಕ ಬಂದು ಗದರಿದ ಮೇಲೆ ತೊಟ್ಟಿಲು ತಂದರು. ಹೈಸ್ಕೂಲು ಮುಗಿದ ಮೇಲೆ ಮಗಳನ್ನು ದೊಡ್ಡಬಳ್ಳಾಪುರದ ಕಾಲೇಜಿಗೆ ಕಳಿಸಿದ್ದೂ ಅಕ್ಕನ ಅಪ್ಪಣೆಯೇ. ಕಡೆಕಡೆಗೆ ಮನೆಯಲ್ಲಿ ಯಾವ ದೊಡ್ಡ ಕೆಲಸಕ್ಕೂ ಅಮಾವಾಸ್ಯೆಯ ದಿನ ಅವಳನ್ನು ಕೇಳಿಯೇ ಕೈಹಾಕುವುದು ರೂಢಿಯಾಯಿತು. ನಾನು ಅವಳಿಗೆ ಹೆದರುತ್ತಿದ್ದೆ. ಅವಳು ಬಂದು ಹೋದ ಮೇಲೆ ವಾರಗಟ್ಟಲೆ ತಲೆ ಸಿಡಿಯುತ್ತಿತ್ತು. ಆದರೂ ಆ ಮನೆಯಲ್ಲಿ ನನಗೆ ಅಂತ ಇದ್ದವಳು ಅವಳೊಬ್ಬಳೇ.

ಈ ವರ್ಷ ಸಿಂಚನ ಬಿ.ಕಾಂ. ಕಡೇ ವರ್ಷಕ್ಕೆ ಬಂದಳು. ಶ್ರಾವಣ ಕಳೆಯುತ್ತಿದ್ದಂತೆ ನನ್ನ ಗಂಡನ ಅಕ್ಕ ಅಮ್ಮಯಮ್ಮ ದೊಡ್ಡಬೆಳವಂಗಲದಿಂದ ಬಂದು ನಡುಮನೆಯಲ್ಲಿ ಕಾಲು ಚಾಚಿ ಕೂತಳು. ಅವಳ ಮಗ ಬೈರೇಶನ ಹೆಂಡತಿ ಹರ್ಷಿತ ಹೋದ ವರ್ಷ ಸತ್ತಿದ್ದಳು. ಹೇಗೆ ಸತ್ತಳೆಂದು ಕೇಳಿದರೆ ಒಬ್ಬರು ಹೊಟ್ಟೆನೋವು ಅನ್ನುತ್ತಿದ್ದರು, ಇನ್ನೊಬ್ಬರು ಕಾಲು ಜಾರಿದಳು ಅನ್ನುತ್ತಿದ್ದರು.

"ಸಿಂಚನನ್ನ ನಮ್ಮ ಬೈರೇಶಂಗೆ ತರೋಣ ಅಂತಿದ್ದೀನಿ ಕಣೋ," ಅಂದಳು ತಮ್ಮನಿಗೆ. "ಅತ್ತೆ ಮಗ, ಹೊರಗಿನೋನಲ್ಲ. ಹುಡುಗಿ ಓದಿ ಓದಿ ಕನ್ನಡಕ ಹಾಕ್ಕೊಂಡ್ರೆ ಆಮೇಲೆ ಯಾರೂ ತಿರುಗಿ ನೋಡಲ್ಲ."

"ಎರಡನೇ ಸಂಬಂಧಕ್ಕಾ ಅತ್ತಿಗೆ?" ಅಂದೆ ನಾನು.

"ನೀನು ಎರಡನೇದಕ್ಕೆ ಬಂದು ಏನು ಸವೆದು ಹೋದೆ? ಗುಂಡುಗುಂಡಾಗೇ ಇದ್ದೀಯಲ್ಲ."

ನನ್ನ ಗಂಡ ನಕ್ಕ. ಅತ್ತೆ, "ಅಮಾವಾಸ್ಯೆ ದಿನ ಪ್ರಮೋದಾನ್ನ ಕೇಳಿ, ಅವಳು ಹೂಂ ಅಂದ್ರೆ ಅವತ್ತೇ ಎಲೆಅಡಿಕೆ ಬದಲಾಯಿಸೋಣ," ಅಂದರು. ಪ್ರಮೋದಾ ಅಂದರೆ ಸತ್ತವಳು. ಎದುರಿಗೆ ಕೂತ ಪ್ರಮೋದಾಳನ್ನು ಯಾರೂ ಕೇಳಲಿಲ್ಲ.

ಸಿಂಚನ ಆ ದಿನ ಊಟ ಮಾಡಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತ, "ಅಮ್ಮ, ಆ ಮನೆಗೆ ನಾನು ಹೋಗಲ್ಲ. ಹರ್ಷಿತಕ್ಕ ಹಬ್ಬಕ್ಕೆ ಬಂದಾಗ ಕೈ ತೋರಿಸಿದ್ಲು ನಂಗೆ. ಸುಟ್ಟ ಗಾಯ," ಅಂದಳು.

"ಹೋಗಬೇಡ. ದೊಡ್ಡಮ್ಮ ಬಂದು ಬೇಡ ಅಂತಾಳೆ. ಅವಳು ಅಂದಮೇಲೆ ಮುಗೀತು."

"ಬೇಡ ಅಂತಾಳಾ? ಗ್ಯಾರಂಟಿನಾ?"

"ಅಂತಾಳೆ."

ಮಗಳಿಗೆ ದೊಡ್ಡಮ್ಮನಾದ ಆ ಅಕ್ಕನನ್ನು ನಂಬಿಕೊಂಡೇ ನಾನು ದಿನ ದೂಡುತ್ತಿದ್ದೆ.

ಅಮಾವಾಸ್ಯೆಗೆ ಇನ್ನೊಂದು ವಾರ ಇರುವಾಗ ನಮ್ಮ ಹಾಲಿನ ಸಂಘದ ಹೆಂಗಸರನ್ನು ತರಬೇತಿಗೆಂದು ನೆಲಮಂಗಲಕ್ಕೆ ಕರೆದುಕೊಂಡು ಹೋದರು. ಒಂದು ಛತ್ರದಲ್ಲಿ ಕೂರಿಸಿ ಮೇವಿನ ಬಗ್ಗೆ ಮಾತಾಡಿದರು, ನಾವು ತೂಕಡಿಸಿದೆವು. ಊಟ ತಡವಾಯಿತು. ಬಡಿಸಲು ಬಂದ ಹೆಂಗಸರ ಮುಂದಾಳು ನನ್ನ ವಯಸ್ಸಿನವಳೇ, ಗಟ್ಟಿ ಮೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಜೋರು ಬಾಯಿ.

"ಬೈಕೋಬೇಡ್ರಮ್ಮ, ಹೈವೇಲಿ ಲಾರಿಗಳು ಅಡ್ಡ ನಿಂತ್ಬಿಟ್ಟವು. ಗೋಡೌನ್‌ನೋರಿಗೆ ಊಟ ಕೊಟ್ಟು ಬರೋದ್ರಲ್ಲಿ ಇಷ್ಟೊತ್ತಾಯ್ತು."

ನನ್ನ ಎಲೆಗೆ ಸಾರು ಬಿಡಲು ಬಂದಾಗ ನಾನು ಅನ್ನಕ್ಕೆ ಗುಳಿ ಮಾಡಲು ಬಗ್ಗಿದ್ದೆ. ಬಿಲ್ಲೆ ಸೆರಗಿನಿಂದ ಹೊರಗೆ ಬಿದ್ದು ತೂಗಿತು. ಅವಳ ಸೌಟು ಗಾಳಿಯಲ್ಲೇ ನಿಂತಿತು.

"ಯಾರದಮ್ಮ ಅದು?"

"ನಮ್ಮಕ್ಕಂದು. ಮೊದಲನೇಳದ್ದು."

"ಹೆಸರು?"

"ಪ್ರಮೋದಾ."

"ಯಾವೂರು? ಯಾರ ಮನೆ?"

ಮಾಕಳಿ ಬೆಟ್ಟದ ಬುಡದ ನಮ್ಮೂರಿನ ಹೆಸರು ಹೇಳಿದೆ, ಮನೆಯ ಹೆಸರು ಹೇಳಿದೆ. ಅವಳು ಬಕೆಟ್ಟನ್ನು ಇನ್ನೊಬ್ಬಳ ಕೈಗೆ ಕೊಟ್ಟಳು.

"ಉಂಡು ಕೈ ತೊಳ್ಕೊಂಡು ಹಿಂದಕ್ಕೆ ಬಾ. ಮಾತಾಡಬೇಕು."

ಛತ್ರದ ಹಿಂದೆ ತೊಳೆಯದ ಪಾತ್ರೆಗಳ ರಾಶಿ. ಅವಳು ಒಂದು ಕೊಳದಪ್ಪಲೆ ಬೋರಲು ಹಾಕಿಕೊಂಡು ಕೂತಿದ್ದಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ನಾನು ಹೆಂಗೆ ಸತ್ತೆ ಅಂತ ಹೇಳವ್ರೆ?"

"ಏನಂದ್ರಿ?"

"ಆ ಬಿಲ್ಲೆ ಮೇಲಿರೋಳು ನಾನೇ ಕಣಮ್ಮ. ಹೇಳು, ಹೆಂಗೆ ಸತ್ತೆ?"

ನಾನು ನೆಲದ ಮೇಲೆ ಕೂತುಬಿಟ್ಟೆ. ಕೈ ತಾನಾಗಿ ಬಿಲ್ಲೆಯನ್ನು ಮುಚ್ಚಿಕೊಂಡಿತು. ಅವಳು ಸುಳ್ಳು ಹೇಳುವ ಜಾತಿಯವಳಲ್ಲ, ಅದು ಮುಖದಲ್ಲೇ ತಿಳಿಯುತ್ತಿತ್ತು.

"ಜ್ವರ," ಅಂದೆ. "ತೌರಲ್ಲಿ."

"ಜ್ವರಾನಾ." ಅವಳಿಗೆ ನಗು ಬಂತು. "ನಾನು ಹುಟ್ಟಿದಾಗಿಂದ ಜ್ವರ ಅಂತ ಮಲಗಿದೋಳಲ್ಲ. ಬಾವಿಗೆ ಬಿದ್ಲು ಅಂತಾದ್ರೂ ಹೇಳಬಾರದಾಗಿತ್ತಾ."

ಆಮೇಲೆ ಹೇಳಿದಳು. ಅವನು ಹೊಡೆಯುತ್ತಿದ್ದ, ಮಕ್ಕಳಾಗಲಿಲ್ಲವೆಂದು ಇನ್ನಷ್ಟು ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಅವನು ಹೊಲಕ್ಕೆ ಹೋದ ಮೇಲೆ, ಉಟ್ಟ ಸೀರೆಯಲ್ಲೇ ಹೊರಟಳು. ಅಶ್ವತ್ಥಮ್ಮ ಅಂಗಳದಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ಎಲ್ಲಿಗೆ ಎಂದು ಕೇಳಲಿಲ್ಲ, ತಡೆಯಲಿಲ್ಲ.

"ಮೊರ ಕೆಳಗಿಡದೇನೇ, 'ಈ ಕಲ್ಲು ದಾಟಿದ್ರೆ ಸತ್ತಂಗೆ ಕಣೆ ನೀನು' ಅಂದ್ಲು. 'ಹಂಗೇ ಅಂದ್ಕೊಳ್ಳಿ' ಅಂದೆ. ಅಲ್ಲಿದ್ದೋರು ನಾವಿಬ್ಬರೇ. ಮಾಕಳಿ ಸ್ಟೇಷನ್ನಿಗೆ ನಡ್ಕೊಂಡು ಬಂದು ರೈಲು ಹತ್ತಿದೆ. ತೌರಿಗೆ ಹೋದ್ರೆ ನಮ್ಮಣ್ಣಂದಿರು ಒಳಗೆ ಬಿಡಲಿಲ್ಲ. ಎರಡು ಮನೆಯೋರೂ ಕೂತು ಮಾತಾಡಿ ನನ್ನನ್ನ ಸಾಯಿಸವ್ರೆ, ಗೊತ್ತಿತ್ತು. ಬಿಲ್ಲೆ ಮಾಡಿಸವ್ರೆ ಅಂತ ಗೊತ್ತಿರಲಿಲ್ಲ." ಅವಳು ಕೈ ಚಾಚಿ ಬಿಲ್ಲೆ ಹಿಡಿದು ನೋಡಿದಳು. "ಥೂ, ಮೂಗು ನೋಡು ಹೆಂಗೆ ಕೆತ್ತವ್ನೆ. ಎಡೆಗೆ ಏನಿಡ್ತಾರೆ ನಂಗೆ?"

"ಕೋಳಿಸಾರು, ಮುದ್ದೆ, ವಡೆ, ಕಜ್ಜಾಯ. ಕಜ್ಜಾಯ ನೀವೇ ಕೇಳಿದ್ದು."

"ನಾನಾ?"

"ವರ್ಷಾ ವರ್ಷಾ ಬರ್ತೀರಲ್ಲ. ನನ್ನ ಮೈಮೇಲೆ."

ಅವಳು ಬಿಲ್ಲೆಯನ್ನು ಬಿಟ್ಟುಬಿಟ್ಟಳು.

"ನಂಗೆ ಕಜ್ಜಾಯ ಸೇರಲ್ಲ. ಪಾಕದ ವಾಸ್ನೆಗೇ ಹೊಟ್ಟೆ ತೊಳಸ್ತದೆ. ಯಾರಿಗಿಷ್ಟ ಅದು?"

ಕಜ್ಜಾಯ ಅಂದರೆ ನನಗೆ ಜೀವ. ತೌರಿನಲ್ಲಿ ಡಬ್ಬಿಯಿಂದ ಕದ್ದು ತಿಂದು ಬೈಸಿಕೊಂಡವಳು ನಾನು. ಮದುವೆಯಾದ ಮೇಲೆ ಅದನ್ನು ಬಾಯಿಬಿಟ್ಟು ಕೇಳಿದ್ದೇ ಇಲ್ಲ.

"ಇನ್ನೇನೇನು ಹೇಳಿದೀನಿ?" ಅಂದಳು, ಈ ಸಲ ಮೆಲ್ಲಗೆ.

ಒಂದೊಂದಾಗಿ ಹೇಳಿದೆ. ಹೊಡೆತ ನಿಲ್ಲಿಸಿದ್ದು, ತೊಟ್ಟಿಲು ತರಿಸಿದ್ದು, ಕಾಲೇಜು. ಕಕ್ಕಸಿನ ಮಾತು ಬಂದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಬದುಕಿದ್ದಾಗ ಇನ್ನೊಂದು ಲೋಟ ಕಾಫಿ ಕೇಳಿ ಏಟು ತಿಂದೋಳು ನಾನು. ಸತ್ತಮೇಲೆ ಭಾರೀ ಜೋರಾಗಿದ್ದೀನಲ್ಲ." ನಗು ನಿಂತಿತು. "ನಾನೇನೂ ಹೇಳಿಲ್ಲ ಕಣೆ. ನಾನು ಇಲ್ಲಿ ಅನ್ನ ಬೇಯಿಸ್ತಾ ಇದ್ದೆ. ಎಲ್ಲಾ ನೀನೇ ಹೇಳಿರೋದು."

"ನಾನಲ್ಲ."

"ಮತ್ಯಾರು?"

ಆ ಮಾತಿಗೆ ನನ್ನ ಮೈ ಜುಮ್ಮೆಂದಿತು. ದೆವ್ವಕ್ಕೆ ಹೆದರಿ ನನಗೆ ಅಭ್ಯಾಸವಿತ್ತು. ಇದು ಬೇರೆ. ನನ್ನೊಳಗೆ ಇಷ್ಟು ವರ್ಷ ಕೂತು ವರ್ಷಕ್ಕೊಂದು ಸಲ ಬಾಯಿಬಿಟ್ಟವಳು ಯಾರು? ನಾನೇ ಆಗಿದ್ದರೆ, ಉಳಿದ ದಿನಗಳಲ್ಲಿ ಅವಳು ಎಲ್ಲಿರುತ್ತಿದ್ದಳು?

ಬೈರೇಶನ ಸಂಗತಿ ಹೇಳಿದೆ. ಅಮಾವಾಸ್ಯೆಯ ದಿನ ಒಂದೇ ಒಂದು ಸಲ ಬಂದು ಬಾಗಿಲಲ್ಲಿ ನಿಂತುಕೊಳ್ಳಿ ಅಕ್ಕ ಎಂದು ಅವಳ ಮೊಣಕಾಲು ಹಿಡಿದೆ. ಅವಳು ನನ್ನ ಕೈ ಬಿಡಿಸಿದಳು, ಒರಟಾಗಿ ಅಲ್ಲ.

"ಬರಲ್ಲ. ನಂಗೂ ಮನೆ ಐತೆ, ಮಕ್ಕಳವ್ರೆ. ಅಲ್ಲಿ ಸತ್ತು ನೆಮ್ಮದಿಯಾಗಿದ್ದೀನಿ, ನನ್ನನ್ನ ಬದುಕಿಸಬೇಡ. ಬದುಕಿದ್ದೀನಿ ಅಂತ ಗೊತ್ತಾದ್ರೆ ನಿನ್ನ ತಾಳಿ ಏನಾಯ್ತದೆ, ನಿನ್ನ ಮಗಳು ಯಾರ ಮಗಳಾಗ್ತಾಳೆ, ಅದನ್ನೂ ಯೋಚನೆ ಮಾಡು. ಆಣೆ ಇಡು, ಹೇಳಲ್ಲ ಅಂತ."

ಇಟ್ಟೆ.

"ನಿಮ್ಮ ಹೆಸರು ನಂಗಿಟ್ಟವ್ರೆ," ಅಂದೆ ಎದ್ದು ನಿಂತು.

"ಇಟ್ಕೊ. ನಾನದನ್ನ ಅಲ್ಲೇ ಬಿಟ್ಟು ಬಂದೆ. ಇಲ್ಲಿ ನಂಗೆ ಬೇರೆ ಐತೆ."

"ಏನು?"

"ಅದನ್ನ ಹೇಳಲ್ಲ. ಆ ಮನೆಗೆ ಒಂದು ಹೆಸರು ಕೊಟ್ಟಿದ್ದೀನಿ, ಸಾಕು."

ಬಸ್ಸಿನಲ್ಲಿ ಸಂಘದ ಹೆಂಗಸರು ಹಾಡು ಹೇಳಿಕೊಂಡು ಬಂದರು. ನಾನು ಕಿಟಕಿಗೆ ತಲೆ ಒರಗಿಸಿ ಕೂತಿದ್ದೆ. ಮನೆಗೆ ಬಂದ ಮೇಲೆ ಚಾಪೆಯ ಎಡಗಡೆ ಇನ್ನು ಯಾರದ್ದೂ ಅಲ್ಲವೆಂದು ಗೊತ್ತಿದ್ದೂ ಅಲ್ಲಿಗೆ ಹೊರಳಲಾಗಲಿಲ್ಲ. ಆ ಕಡೆ ನೋಡುವುದೇ ಕಷ್ಟವಾಯಿತು. ಅವಳು ಅಲ್ಲಿದ್ದಾಳೆಂದು ನಂಬಿದ್ದಾಗ ಇಷ್ಟು ಭಯ ಇರಲಿಲ್ಲ. ಹಸು ಈಗಲೂ ನನ್ನ ಭುಜದ ಹಿಂದೆಯೇ ನೋಡುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆಯೇ ಅತ್ತಿಗೆ ಅಮ್ಮಯಮ್ಮ ಮಗನೊಂದಿಗೆ ಬಂದಿಳಿದಳು. ಬೈರೇಶ ಹೊಸ ಅಂಗಿ ತೊಟ್ಟು ಮೊಬೈಲು ನೋಡುತ್ತ ಜಗಲಿಯಲ್ಲಿ ಕೂತ. ಅವಳು ತಂದ ತಟ್ಟೆಯನ್ನು ಎಡೆಯ ಪಕ್ಕದಲ್ಲಿ ಇಟ್ಟಳು. ಸೀರೆ, ಹೂವು, ಬಳೆ, ಎಲೆಅಡಿಕೆ. ಎಲೆಯ ಮೇಲೆ ಅರಿಸಿನದ ದಾರಕ್ಕೆ ಪೋಣಿಸಿದ ಹೊಸ ಬೆಳ್ಳಿ ಬಿಲ್ಲೆ, ಥಳಥಳ ಹೊಳೆಯುತ್ತಿತ್ತು. ಹರ್ಷಿತಳ ಮುಖ. ಅಪ್ಪಣೆ ಆಗುವ ಮೊದಲೇ ಮಾಡಿಸಿಕೊಂಡು ಬಂದಿದ್ದಳು.

ಸಿಂಚನ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಹರಡಿಕೊಂಡು ಮಣೆಯ ಮೇಲೆ ಕೂತೆ. ಹಣೆಗೆ ಅಗಲವಾಗಿ ಕುಂಕುಮ ಹಚ್ಚಿದರು. ಧೂಪ ಹಾಕಿದರು. ಎಲ್ಲರೂ ಕಾದರು. ನಾನೂ ಕಾದೆ. ಯಾರೂ ಬರುವವರಿಲ್ಲವೆಂದು ತಿಳಿದಿದ್ದೂ ಕಾದೆ. ಹೊಟ್ಟೆಯ ಕೆಳಗೆ ಆ ತಣ್ಣನೆಯದು ಏಳಲಿಲ್ಲ. ಹೊಗೆಗೆ ಕೆಮ್ಮು ಬಂತು, ಅಷ್ಟೇ.

"ಬಾರವ್ವ," ಅಂದರು ಅತ್ತೆ. "ಬಾ ತಾಯಿ, ಎಡೆ ಆರ್ತೈತೆ."

ನಟಿಸಿಬಿಡೋಣ ಅನ್ನಿಸಿತು. ತಲೆ ಅಲ್ಲಾಡಿಸಿದೆ, ಕೂದಲು ಮುಖಕ್ಕೆ ಎರಚಿಕೊಂಡೆ, ಗಂಟಲು ದಪ್ಪ ಮಾಡಿ, "ಬಂದಿದ್ದೀನಿ," ಅಂದೆ. ನನಗೇ ನಾಚಿಕೆಯಾಯಿತು. ಶಾಲೆಯ ವಾರ್ಷಿಕೋತ್ಸವದ ನಾಟಕದ ಹಾಗಿತ್ತು. ಬೈರೇಶ ಕಿಸಕ್ಕನೆ ನಕ್ಕ.

"ಇದು ಅವಳಲ್ಲ," ಅಂದರು ಅತ್ತೆ ಕಣ್ಣು ಕಿರಿದು ಮಾಡಿ. "ನಂಗೊತ್ತಿಲ್ವಾ ಅವಳು. ಇದು ಇವಳೇ, ಹೊಟ್ಟೆ ಹಸಿದು ಆಡ್ತಾವಳೆ."

"ಬರಲಿಲ್ಲ ಅಂದ್ರೆ ಅಡ್ಡಿ ಇಲ್ಲ ಅಂತ್ಲೇ ಅರ್ಥ ಕಣವ್ವ," ಅಂದಳು ಅತ್ತಿಗೆ. "ಬೇಡ ಅನ್ನೋದಾಗಿದ್ರೆ ಬಂದು ಕುಣೀತಿರಲಿಲ್ವಾ. ಏನೋ ಚಿನ್ನಸ್ವಾಮಿ?"

"ಹೌದು, ಮುಗಿಸಿಬಿಡಿ," ಅಂದ ನನ್ನ ಗಂಡ.

ಅತ್ತಿಗೆ ಹೊಸ ಬಿಲ್ಲೆಯ ದಾರ ಬಿಡಿಸಿ ಸಿಂಚನಳ ಕಡೆ ನಡೆದಳು. ನನ್ನ ಮಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅವಳು ಅಳಲಿಲ್ಲ, ಕೂಗಲಿಲ್ಲ. ಕಣ್ಣು ಮಾತ್ರ ನನ್ನ ಮೇಲೇ ಇತ್ತು. ಅಮ್ಮನ ಹತ್ತಿರ ಅಲ್ಲ, ಅಮ್ಮನ ಹಿಂದೆ ಇರುವವಳ ಹತ್ತಿರ ಬೇಡುತ್ತಿದ್ದಳು.

ನಾನು ಎದ್ದೆ. ಅದು ಯಾವ ಆವೇಶವೂ ಅಲ್ಲ, ಬರಿಯ ಸಿಟ್ಟು. ಹಾಲು ಚೆಲ್ಲಿದ ಕರುವಿನ ಮೇಲೆ ಬರುವಂಥ ದಿನದ ಸಿಟ್ಟು. ಅತ್ತಿಗೆಯ ಕೈಯಿಂದ ಬಿಲ್ಲೆ ಕಿತ್ತು ಎಡೆಯ ಸಾರಿನೊಳಗೆ ಎಸೆದೆ.

"ಈ ಮದುವೆ ನಡೆಯಲ್ಲ. ಮುನಿತಾಯಿ ಹೇಳ್ತಿದ್ದೀನಿ, ಕೇಳಿಸ್ಕೊಳ್ಳಿ. ನನ್ನ ಮಗಳನ್ನ ನಿಮ್ಮನೆಗೆ ಕೊಡಲ್ಲ."

"ನಿನ್ನ ಯಾರೇ ಕೇಳಿದ್ರು?" ನನ್ನ ಗಂಡ ಎದ್ದು ಬಂದ. ಇಷ್ಟು ವರ್ಷದ ಮೇಲೆ ಅವನ ಕೈ ಮೇಲೆದ್ದಿತು.

"ಎತ್ತಿದ್ಯಾ? ಹೊಡಿ. ಅವಳು ಏಟು ತಿಂದು ಎದ್ದು ಹೋದ್ಲು. ನಾನು ಹೋಗಲ್ಲ, ಇಲ್ಲೇ ನಿಂತಿರ್ತೀನಿ, ಹೊಡಿ."

ಕೈ ಅಲ್ಲೇ ನಿಂತಿತು. 'ಎದ್ದು ಹೋದಳು' ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಯಾವತ್ತೂ ಬಂದದ್ದಲ್ಲ. ಅಲ್ಲಿಗೆ ನಾನು ನಿಲ್ಲಿಸಬೇಕಿತ್ತು. ನನ್ನ ಬಾಯಿ ಕೇಳಲಿಲ್ಲ. ಅತ್ತೆಯ ಕಡೆ ತಿರುಗಿದೆ.

"ನೀವು ಅಂಗಳದಲ್ಲಿ ಹುರುಳಿ ಕೇರ್ತಿದ್ರಿ. ಮೊರ ಕೆಳಗಿಡಲಿಲ್ಲ. ಈ ಕಲ್ಲು ದಾಟಿದ್ರೆ ಸತ್ತಂಗೆ ಕಣೆ ಅಂದ್ರಿ. ಅಂದ್ರೋ ಇಲ್ವೋ? ಒಂದು ಹೆಣ್ಣನ್ನ ಸಾಯಿಸಿ ಇನ್ನೊಬ್ಬಳ ಕೊರಳಿಗೆ ಕಟ್ಟಿದ್ರಿ. ಈಗ ಮೊಮ್ಮಗಳ ಕೊರಳಿಗೂ ಕಟ್ತೀರಾ?"

ಅಶ್ವತ್ಥಮ್ಮ ಉಸಿರು ಒಳಗೆ ಎಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಕೂತಲ್ಲೇ ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೆ ಹಚ್ಚಿದರು.

"ಬಂದ್ಲು," ಅಂದರು. "ಬಂದವ್ಳೆ ಕಣ್ರೋ. ಪ್ರಮೋದಾ ಬಂದವ್ಳೆ. ನಾನಂದ ಮಾತು ಅವಳಿಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ."

"ಪ್ರಮೋದಾ ಅಲ್ಲ," ಅಂದೆ. "ನಾನು ಮುನಿತಾಯಿ."

"ಹೌದು ತಾಯಿ. ಹೌದು."

"ನಾನು ನಾನೇ ಮಾತಾಡ್ತಿರೋದು. ಯಾರೂ ಬಂದಿಲ್ಲ."

"ಹೌದು ತಾಯಿ, ತಪ್ಪಾಯ್ತು, ಶಾಂತಳಾಗು."

ನಾನು ಕೂಗಿದಷ್ಟೂ ಅವರು ಇನ್ನಷ್ಟು ಬಾಗಿದರು. ನನ್ನ ಗಂಡ ಕಾಲಿಗೆ ಅಡ್ಡ ಬಿದ್ದ. ಯಾರೋ ಕರ್ಪೂರ ಹಚ್ಚಿದರು. ನನ್ನ ಹೆಸರನ್ನು ನಾನೇ ಎಷ್ಟು ಸಲ ಹೇಳಿದೆನೋ, ಅದು ಅವರ ತಲೆಗಳ ಮೇಲಿಂದ ಹಾದು ಹಿತ್ತಿಲ ಕಡೆ ಹೋಯಿತು. ಅತ್ತಿಗೆ ತಟ್ಟೆಯನ್ನೂ ಬಿಟ್ಟು, "ಇಂಥ ಮನೆ ಸಂಬಂಧ ನಮಗೆ ಬೇಡಪ್ಪಾ," ಎಂದು ಮಗನ ರಟ್ಟೆ ಹಿಡಿದು ಹೊರಗೆಳೆದಳು. ಬೈರೇಶನ ಬೈಕು ಎರಡು ಸಲ ಕೆಮ್ಮಿ ಮೂರನೆಯ ಸಲ ಶುರುವಾದದ್ದು ಕೇಳಿಸಿತು.

ಗಂಟಲು ಒಣಗಿ ಮಣೆಯ ಮೇಲೆ ಕುಸಿದೆ. ಸಿಂಚನ ಚೊಂಬಿನಲ್ಲಿ ನೀರು ತಂದಳು. ಎರಡು ಮಾರು ದೂರದಲ್ಲಿ ನಿಂತಳು. ಹತ್ತಿರ ಬರಲಿಲ್ಲ.

"ದೊಡ್ಡಮ್ಮ, ಕುಡೀರಿ," ಅಂದಳು.

ನನ್ನ ಮಗಳು. ನನಗೆ ಬಹುವಚನ ಹಚ್ಚಿ ಮಾತಾಡುತ್ತಿದ್ದಳು.

"ನೀವು ಹೇಳಿದ್ದಕ್ಕೆ ನಾನು ಬಚಾವಾದೆ. ಸಾಕು ದೊಡ್ಡಮ್ಮ. ನಮ್ಮಮ್ಮನ್ನ ಬಿಟ್ಬಿಡಿ. ಜಾಸ್ತಿ ಹೊತ್ತು ಇಟ್ಕೊಂಡ್ರೆ ಅವಳಿಗೆ ತಲೆ ಸಿಡಿಯುತ್ತೆ, ತಡ್ಕೊಳಲ್ಲ."

ನಾನು ಕಣೇ, ನಿಮ್ಮಮ್ಮ ಕಣೇ ಅನ್ನಲು ಬಾಯಿ ತೆರೆದೆ. ಅವಳ ಹಿಂದೆ ಅಶ್ವತ್ಥಮ್ಮ ನೆಲದಿಂದ ಹಣೆ ಎತ್ತಿದ್ದರು. ಮುಖ ಮುಚ್ಚಿದ ಬೆರಳುಗಳ ನಡುವಿನಿಂದ ನೋಡುತ್ತಿದ್ದರು. ನನ್ನ ಗಂಡನೂ ತಲೆ ಎತ್ತಿ ಕಾಯುತ್ತಿದ್ದ. ಈಗ ನಾನು ಮಗಳನ್ನು ತಬ್ಬಿಕೊಂಡರೆ, ಅಲ್ಲಿಗೆ ನಾನು ಬರಿಯ ನಾನಾಗುತ್ತಿದ್ದೆ. ಸಂಜೆಯೊಳಗೆ ಇನ್ನೊಂದು ತಟ್ಟೆ ಬರುತ್ತಿತ್ತು. ಬೈರೇಶನಲ್ಲದಿದ್ದರೆ ಇನ್ನೊಬ್ಬ.

ಬಾಯಿ ಮುಚ್ಚಿದೆ. ಬೆನ್ನು ನೆಟ್ಟಗೆ ಮಾಡಿ ಕೂತೆ. ಧ್ವನಿ ದಪ್ಪ ಮಾಡಲಿಲ್ಲ, ತಲೆ ತೂಗಲಿಲ್ಲ.

"ಬಿಡ್ತೀನಿ," ಅಂದೆ. "ನಿಮ್ಮಪ್ಪ ಮೊದಲು ದೀಪ ಮುಟ್ಟಲಿ. ನಿನ್ನ ಓದು ಮುಗಿಯೋವರೆಗೂ ಮದುವೆ ಮಾತು ಎತ್ತಲ್ಲ, ನೀನು ಒಪ್ಪದೇ ಇರೋನಿಗೆ ಕೊಡಲ್ಲ ಅಂತ ಹೇಳಲಿ."

ಚಿನ್ನಸ್ವಾಮಿ ದೀಪ ಮುಟ್ಟಿ ಹೇಳಿದ. ಅತ್ತೆಯೂ ಕೇಳದೆಯೇ ಬಂದು ಮುಟ್ಟಿದರು.

ಮುಂದೆ ಬಂದ ಮಗಳ ಕೈಯಿಂದ ಚೊಂಬು ಇಸಿದುಕೊಂಡು ನೀರು ಕುಡಿದೆ. ಪೂರ್ತಿ ಕುಡಿದೆ. ಚೊಂಬು ಕೆಳಗಿಟ್ಟಾಗ ಸಿಂಚನ ಮಂಡಿಯೂರಿ ನನ್ನ ಎದುರಿಗೆ ಕೂತಿದ್ದಳು. ನಿಧಾನವಾಗಿ ಮುಖವನ್ನು ಹತ್ತಿರ ತಂದಳು.

"ಅಮ್ಮ, ಬಂದ್ಯಾ?"

"ಬಂದೆ," ಅಂದೆ.

ಅವಳು ನನ್ನ ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಮೇಲೂ ಅಲ್ಲೇ ಕೂತು ನನ್ನ ಕಣ್ಣೊಳಗೆ, ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ, ಯಾರಿದ್ದಾರೆಂದು ಹುಡುಕುತ್ತಲೇ ಇದ್ದಳು.